ನೆಟ್ಟಗೆ ನಿಂತ ಯುರೇನಸ್

ಯುರೇನಸ್ಸನ್ನು ನೆಟ್ಟಗೆ ನಿಲ್ಲಿಸಲು ಒಪ್ಪಿಕೊಂಡದ್ದು ಸರಿಯೋ ತಪ್ಪೋ ಎಂಬ ಯೋಚನೆ ಹೊನ್ನೂರಸ್ವಾಮಿಗೆ ಬೆಳಿಗ್ಗೆ ಗಡ್ಡಕ್ಕೆ ಸೋಪು ಹಚ್ಚಿಕೊಂಡಾಗಲೇ ಶುರುವಾಗಿತ್ತು. ಬಲಗೆನ್ನೆ ಮುಗಿಯುವ ಹೊತ್ತಿಗೆ ಸರಿ ಅನ್ನಿಸಿತು, ಎಡಗೆನ್ನೆಗೆ ಬರುವಷ್ಟರಲ್ಲಿ ತಪ್ಪು ಅನ್ನಿಸಿತು. ಗದ್ದದ ಹತ್ತಿರ ಬ್ಲೇಡು ತಾಗಿ ರಕ್ತ ಜಿನುಗಿದಾಗ, ಥೂ, ಕೋಟಿ ಕೋಟಿ ಕಿಲೋಮೀಟರು ಆಚೆ ಮಂಜುಗಟ್ಟಿಕೊಂಡು ಬಿದ್ದಿರುವ ಒಂದು ಉಂಡೆಗೆ ನಾನ್ಯಾಕೆ ಗದ್ದ ಕೊಯ್ದುಕೊಳ್ಳಲಿ ಎಂದು ತನ್ನನ್ನೇ ಬೈದುಕೊಂಡ. ಹೊರಗೆ ಕಟ್ಟೆಯ ಮೇಲೆ ಅವನ ಅವ್ವ ಉಚ್ಚಂಗೆಮ್ಮ ಹೊಸ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಆಗಲೇ ಬಸ್ಸಿನಲ್ಲಿ ಕೂತವಳಂತೆ ಕೂತಿದ್ದಳು. ಸೀರೆ ಮೊಮ್ಮಗಳು ಕ್ರಾಂತಿ ಕೊಡಿಸಿದ್ದು. ಆಕೆ ಹಡಗಲಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಚಳವಳಿ, ಹಾಡು, ಹಲಗೆ ಎಂದು ತಿರುಗುತ್ತಿದ್ದ ಕಾಲದಲ್ಲಿ ಹೊನ್ನೂರಸ್ವಾಮಿ ಮಗಳಿಗೆ ಆ ಹೆಸರಿಟ್ಟಿದ್ದ. ಅಷ್ಟು ದೊಡ್ಡ ಕೆಲಸವನ್ನು ಒಮ್ಮೆ ಮಾಡಿ ಮುಗಿಸಿದ ಮೇಲೆ ಮತ್ತೆ ಮಾಡುವ ಪ್ರಸಂಗ ಅವನಿಗೆ ಬಂದಿರಲಿಲ್ಲ.

"ಏನಲೇ ಹೊನ್ನೂರಾ, ಮದುವಿ ಗಂಡು ಆಗಿಯೇನು? ಒಳಗ ಹೊಕ್ಕಾಂವ ಹೊರಗ ಬರವಲ್ಲಿ. ಬಸ್ಸು ಹೋಗಿಬಿಡತೈತಿ ನೋಡು," ಎಂದು ಅವ್ವ ಕೂಗಿದಳು.

"ಬಂದೆ ತಡಿಯಬೇ," ಎಂದ. ಐವತ್ತು ದಾಟಿದ ಮೇಲೂ ಅವ್ವ ಕೂಗಿದರೆ ಅವನ ಕೈ ಅವಸರ ಮಾಡುತ್ತದೆ. ಗದ್ದಕ್ಕೆ ಪೇಪರಿನ ಚೂರು ಅಂಟಿಸಿಕೊಂಡು ಹೊರಟ.

ಇಷ್ಟಕ್ಕೂ ಸೌರಮಂಡಲ ಬರೆಸೋಣ ಎಂದು ಮೊದಲು ಬಾಯಿಬಿಟ್ಟವನು ಅವನೇ. ಹರಪನಹಳ್ಳಿಯಿಂದ ಉಚ್ಚಂಗಿದುರ್ಗದ ದಿಕ್ಕಿಗೆ ಹೋಗುವ ಬಸ್ಸು ನಿಲ್ಲುವ ಒಂದು ಊರು, ಅದೇ ಅವನು ಹುಟ್ಟಿದ ಊರು, ಅಲ್ಲಿನ ಹೈಸ್ಕೂಲಿಗೆ ಅವನೇ ವಿಜ್ಞಾನದ ಮೇಷ್ಟ್ರು; ಮನೆ ಮಾತ್ರ ಈಗ ಹರಪನಹಳ್ಳಿಯಲ್ಲಿ. ಶಾಲೆಯ ಅಂಗಳಕ್ಕೆ ಒಂದು ಉದ್ದ ಗೋಡೆ ಇತ್ತು, ಖಾಲಿ ಇತ್ತು. ಖಾಲಿ ಗೋಡೆ ಕಂಡರೆ ಮೇಷ್ಟ್ರುಗಳಿಗೆ ಏನಾದರೂ ಬರೆಯಬೇಕು ಅನ್ನಿಸುತ್ತದೆ. ಶಾಲಾ ಸಮಿತಿಯ ಅಧ್ಯಕ್ಷ, ಮೆಕ್ಕೆಜೋಳದ ವ್ಯಾಪಾರಿ ಗುರುಸಂಗಪ್ಪ, ಕೇಳಿದ್ದೇ ತಡ ತೊಡೆ ತಟ್ಟಿದ. "ಒಂದೊಂದು ಗ್ರಹಕ್ಕ ಒಬ್ಬೊಬ್ರು ದಾನಿ ಹಿಡೀರಿ ಮೇಷ್ಟ್ರ. ಗ್ರಹದ ಕೆಳಗ ಹೆಸರು ಬರಸೂಣ," ಎಂದ. ನಮ್ಮ ಸೀಮೆಯಲ್ಲಿ ಇದೇನು ಹೊಸದಲ್ಲ. ಫ್ಯಾನು ಕೊಟ್ಟವರು ಫ್ಯಾನಿನ ಮೂರೂ ರೆಕ್ಕೆಗೆ ಹೆಸರು ಬರೆಸುತ್ತಾರೆ. ತಿರುಗುವಾಗ ಓದಲಿಕ್ಕೆ ಬರುವುದಿಲ್ಲ, ಕರೆಂಟು ಹೋದಾಗ ಓದಬಹುದು, ಕರೆಂಟು ಪಾಪ ಹೋಗುತ್ತಲೇ ಇರುತ್ತದೆ. ಹೀಗಾಗಿ ಸೌರಮಂಡಲ ಒಂದೇ ಸಭೆಯಲ್ಲಿ ಹಂಚಿಹೋಯಿತು. ಸೂರ್ಯ ಗುರುಸಂಗಪ್ಪನ ದಿವಂಗತ ತಂದೆಯ ಪಾಲಿಗೆ ಬಂದ. ಭೂಮಿಯನ್ನು ಪಂಚಾಯ್ತಿಯವರು ಬಿಟ್ಟುಕೊಡಲಿಲ್ಲ. ಶುಕ್ರನನ್ನು ಕಲ್ಯಾಣಮಂಟಪದ ಮಾಲೀಕರು ಒಯ್ದರು. ಬುಧನಿಗೂ ಗುರುವಿಗೂ ಕೇಳಿದ ಕೂಡಲೇ ದಾನಿಗಳು ಸಿಕ್ಕರು. ಮಂಗಳನ ಹತ್ತಿರ ಮಾತ್ರ ಹೆಣ್ಣುಮಕ್ಕಳ ಮದುವೆ ಬಾಕಿ ಇದ್ದ ಯಾರೂ ಸುಳಿಯಲಿಲ್ಲ; ಕೊನೆಗೆ ಮದುವೆಯ ಗೊಡವೆಯೇ ಬೇಡವೆಂದು ಬದುಕಿದ ನಿವೃತ್ತ ಕಂಡಕ್ಟರೊಬ್ಬರು, ನನಗೆ ಇನ್ನೇನು ಆಗಬೇಕಾಗಿದೆ ಎಂದು ತಗೊಂಡರು. ಶನಿಯಂತೂ ಅಷ್ಟು ಚಂದದ ಬಳೆ ಹಾಕಿಕೊಂಡು ಕಾಯುತ್ತ ನಿಂತಿತು, ಕೈ ಎತ್ತುವವರಿಲ್ಲ. ಹೆಡ್‌ಮಾಸ್ಟರ್ ಏಕಾಂತಪ್ಪನವರು ತಲೆ ಓಡಿಸಿ 'ಹಳೆಯ ವಿದ್ಯಾರ್ಥಿಗಳ ಬಳಗ' ಎಂದು ಬರೆಸಿದರು. ಕಾಟವೇನಾದರೂ ಇದ್ದರೆ ನಾಲ್ಕು ಬ್ಯಾಚಿನ ಮೇಲೆ ಹಂಚಿಹೋಗಲಿ ಎಂಬುದು ಅವರ ಲೆಕ್ಕ. ಕೊನೆಯ ನೆಪ್ಚೂನನ್ನು ಹಾಲಿನ ಡೈರಿಯವರು ಹೆಸರು ಕೇಳದೆಯೇ ಒಪ್ಪಿಕೊಂಡರು. ಉಳಿದದ್ದು ಯುರೇನಸ್. "ಪಂಚಾಂಗದಾಗ ಇಲ್ಲದ ಗ್ರಹ ಹಿಡಕೊಂಡು ಏನ್ ಮಾಡೂದ್ರಿ? ಕಾಡೂದೂ ಇಲ್ಲ, ಕಾಯೂದೂ ಇಲ್ಲ," ಎಂದು ಯಾರೋ ನಕ್ಕರು.

"ಅದು ನನಗಿರಲಿ. ನಮ್ಮವ್ವನ ಹೆಸರಿಗೆ," ಎಂದ ಹೊನ್ನೂರಸ್ವಾಮಿ. ಸಭೆಯವರೆಲ್ಲ ಒಟ್ಟಿಗೇ, ಬೇಕಾದ್ದಕ್ಕಿಂತ ತುಸು ಜೋರಾಗಿ, ಭೇಷ್ ಭೇಷ್ ಎಂದರು.

ಅವ್ವನ ಹೆಸರು ಆ ಗೋಡೆಯ ಮೇಲೆ ಯಾಕೆ ಬೇಕಾಗಿತ್ತು ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಬಸ್ಸಿನಲ್ಲಿ ಈಗ ಪಕ್ಕದಲ್ಲಿ ಕೂತು, ಟಿಕೆಟಿನ ಚೂರನ್ನು ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡು, ಕಿಟಕಿಯಾಚೆ ಯಾರ ಹೊಲದ ಜೋಳ ಎಷ್ಟೆತ್ತರ ಬಂದಿದೆ ಎಂದು ನೋಡುತ್ತಿರುವ ಈ ಅವ್ವ, ಅವನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಅದೇ ಶಾಲೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಳು. ಕಳೆ ತೆಗೆಯುವ ಕೆಲಸದಿಂದ ನೇರ ಬಂದಿದ್ದಳು, ಕಾಲಿಗೆಲ್ಲ ಕೆಸರು, ಸೀರೆ ಮೊಣಕಾಲಿಗೆ ಎತ್ತಿಕಟ್ಟಿತ್ತು, ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ. ಬುತ್ತಿ ಮರೆತು ಬಂದಿದ್ದವನು ಅವನೇ. ಅಂದಿನ ಮೇಷ್ಟ್ರು, "ಯಾರಲೇ ಆಕಿ? ನಿನಗೇನಾಗಬೇಕು?" ಎಂದು ಕೇಳಿದರು. ಕ್ಲಾಸಿಗೆ ಕ್ಲಾಸೇ ಕಿಟಕಿಯತ್ತ ತಿರುಗಿತ್ತು. "ನಮ್ಮ ಓಣಿಯಾಕಿ ರೀ," ಎಂದುಬಿಟ್ಟ. ಮಾತು ಗೇಟಿನ ತನಕ ಹೋಗಿತ್ತು. ಅವನು ಹೊರಗೆ ಓಡಿಹೋದಾಗ ಅವ್ವ ಗಂಟನ್ನು ಕೈಗೆ ಕೊಟ್ಟು, ಮೇಷ್ಟ್ರಿಗೂ ಕೇಳುವ ಹಾಗೆ, "ತಗೋಳಪ್ಪ ತಮ್ಮಾ, ನಿಮ್ಮವ್ವ ಕೊಟ್ಟು ಕಳಿಸ್ಯಾಳ," ಎಂದಳು. ಅಷ್ಟೇ. ಆ ಮಾತನ್ನು ಅವಳು ಮುಂದೆ ಎಂದೂ ಎತ್ತಲಿಲ್ಲ. ಎತ್ತಿ ನಾಲ್ಕು ಬೈದಿದ್ದರೆ ಅವನು ಎಂದೋ ಮರೆಯುತ್ತಿದ್ದನೇನೋ. ಯುರೇನಸ್ಸಿನ ಪಾಠ ಮಾಡುವಾಗ ಪ್ರತಿ ವರ್ಷ ಒಂದು ವಾಕ್ಯಕ್ಕೆ ಬಂದು ಅವನಿಗೆ ಕೆಮ್ಮು ಬರುತ್ತದೆ. ಅದನ್ನು ಗ್ರಹವೆಂದು ಗುರುತಿಸುವ ಮೊದಲೇ ದೊಡ್ಡ ದೊಡ್ಡ ವಿದ್ವಾಂಸರು ದುರ್ಬೀನಿನಲ್ಲಿ ಅದನ್ನು ನೋಡಿದ್ದರು, ಒಬ್ಬರಲ್ಲ ಇಬ್ಬರಲ್ಲ, ನೋಡಿ ನೋಡಿ ಯಾವುದೋ ಒಂದು ನಕ್ಷತ್ರ ಎಂದು ಬರೆದಿಟ್ಟು ಮುಂದೆ ಹೋಗಿದ್ದರು ಎಂಬ ವಾಕ್ಯ ಅದು.

ಹಾಗೆ ನೋಡಿದರೆ ಅವನು ಜೀವ ತುಂಬಿ ಮಾಡುವ ಪಾಠ ಅದೊಂದೇ. ಉಳಿದದ್ದೆಲ್ಲ ಸಂಬಳಕ್ಕೆ. ಯುರೇನಸ್ ಬಂತೆಂದರೆ ಮೇಜು ಸರಿಸಿ, ಅಂಗಿಯ ಮೇಲುಗುಂಡಿ ಬಿಚ್ಚಿ, ನೆಲಕ್ಕೆ ಟವೆಲ್ ಹಾಸಿ ತಾನೇ ಮಲಗಿಬಿಡುತ್ತಿದ್ದ. ಉಳಿದ ಗ್ರಹಗಳು ಬುಗುರಿಯ ಹಾಗೆ ನಿಂತು ತಿರುಗುತ್ತವೆ, ಇದೊಂದು ಮಾತ್ರ ಹೀಗೆ, ಅಡ್ಡ ಮಲಗಿ ಉರುಳುತ್ತದೆ ಎಂದು ಬಾಗಿಲಿನಿಂದ ಕಿಟಕಿಯವರೆಗೆ ಉರುಳಿ ತೋರಿಸುತ್ತಿದ್ದ. "ಉರುಳು ಸೇವೆ ಮಾಡಿದಂಗ ಸಾರ್!" ಎಂದು ಒಂದು ವರ್ಷ ಯಾವುದೋ ಮಗು ಕೂಗಿತು, ಅಂದಿನಿಂದ ಅವನ ಪಾಠದಲ್ಲಿ ಯುರೇನಸ್ ಸೂರ್ಯನಿಗೆ ಉರುಳು ಸೇವೆ ಮಾಡುವ ಗ್ರಹವಾಯಿತು. ಒಂದು ಸುತ್ತಿಗೆ ಎಂಬತ್ನಾಲ್ಕು ವರ್ಷ. ಅಡ್ಡ ಮಲಗಿರುವುದರಿಂದ ಒಂದು ತುದಿಗೆ ನಲವತ್ತೆರಡು ವರ್ಷ ಹಗಲಾದರೆ ಇನ್ನೊಂದು ತುದಿಗೆ ನಲವತ್ತೆರಡು ವರ್ಷ ಕತ್ತಲೆ. ಸೂರ್ಯನ ಬಿಸಿ ಮುಟ್ಟುವುದಿಲ್ಲ, ಒಳಗೂ ಬಿಸಿಯಿಲ್ಲ, ತನ್ನೊಳಗಿನ ಕಾವನ್ನು ಯಾವಾಗಲೋ ಖರ್ಚು ಮಾಡಿಕೊಂಡು ಕೂತಿದೆ. ಮೇಲೆ ನೋಡಲು ತಿಳಿ ಹಸಿರು ನೀಲಿ, ನುಣ್ಣಗೆ, ಒಂದು ಕಲೆಯಿಲ್ಲ. ಹತ್ತಿರ ಹೋದರೆ ಅದರ ಮೋಡ ಕೊಳೆತ ತತ್ತಿಯ ನಾತ. ಈ ನಾತದ ಸುದ್ದಿ ಬಂದಾಗ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು. ಯಾಕೆ ಮಲಗಿತು ಸಾರ್ ಎಂದರೆ, ಯಾವುದೋ ಕಾಲದಲ್ಲಿ ಏನೋ ದೊಡ್ಡದು ಬಂದು ಗುದ್ದಿ ಕೆಡವಿರಬೇಕು ಎನ್ನುತ್ತಿದ್ದ. ಗುದ್ದಿದವರು ಯಾರೆಂದು ಯಾವ ಪುಸ್ತಕದಲ್ಲೂ ಇಲ್ಲ, ಬಿದ್ದದ್ದು ಎಷ್ಟು ಡಿಗ್ರಿಗೆ ಬಿದ್ದಿದೆ ಎಂಬುದು ಎಲ್ಲ ಪುಸ್ತಕದಲ್ಲೂ ಇದೆ.

ಅವ್ವನಿಗೂ ಇದನ್ನು ಹೇಳಿದ್ದ. ಹೆಸರು ಬರೆಸುತ್ತೇನೆ ಎಂದ ಸಂಜೆ, ಯಾವ ಗ್ರಹ, ಅದೇನು ಮಾಡುತ್ತದೆ ಎಂದು ಅವಳು ಕೇಳಿದ್ದಕ್ಕೆ ಎಲ್ಲವನ್ನೂ ವಿವರಿಸಿದ. ಅವ್ವ ಬಾಯಿಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದು ಮತ್ತೆ ಕೂತಳು. "ಮಕ್ಕೊಂಡ ಉರುಳತೈತಾ?"

"ಹೂಂನಬೇ."

"ನಿನಗ ನೌಕರಿ ಆಗಲಿ ಅಂತ ನಾನೂ ಉರುಳಿದ್ದೆ ನೋಡು, ನಮ್ಮ ಓಣಿ ಅಮ್ಮನ ಗುಡಿ ಸುತ್ತ. ಬೆನ್ನಾಗ ಒಂದು ಮುಳ್ಳು ಹೊಕ್ಕಿತ್ತು. ಪಾಲಮ್ಮ ಸೂಜಿ ಹಾಕಿ ತಗದ್ಲು." ಅವ್ವ ಬೆನ್ನು ಮುಟ್ಟಿಕೊಂಡು ನಕ್ಕಳು. "ಛಲೋ ಗ್ರಹ ಹಿಡದಿ ಬಿಡು ನನಗ. ಅದರದೂ ನಂದೂ ಒಂದ ಹರಕಿ." ಮರುದಿನ ಪಕ್ಕದ ಮನೆಯ ಪಾಲಮ್ಮನಿಗೂ, ಅದರಾಚೆಯವರಿಗೂ, ತರಕಾರಿಯವಳಿಗೂ ಸುದ್ದಿ ಮುಟ್ಟಿತು. ಇಡೀ ಓಣಿಯಲ್ಲಿ ಯುರೇನಸ್ಸಿನ ಅಕ್ಷದ ಓರೆಯನ್ನು ತಿಳಿಯದವರು ಯಾರೂ ಉಳಿಯಲಿಲ್ಲ.

ಪೇಂಟರ್ ಬೊಮ್ಮಯ್ಯ ಬಂದದ್ದು ಆಮೇಲೆ. ಅಂಗಡಿ ಬೋರ್ಡು, ಲಾರಿಯ ಹಿಂಭಾಗ, ಅಂಗನವಾಡಿಯ ಗೋಡೆ ಬರೆದು ಪಳಗಿದ ಕೈ. ಮಕ್ಕಳ ಶಾಲೆ ಎಂದರೆ ಸೂರ್ಯನಿಗೂ ಬದನೆಕಾಯಿಗೂ ಕಣ್ಣು ಮೂಗು ಬಾಯಿ ಬರೆಯುವುದು ಅವನ ಪದ್ಧತಿ, ಬೇಡವೆಂದರೂ ಕೇಳುವುದಿಲ್ಲ. ಸಾಲಾಗಿ ಗ್ರಹಗಳಿಗೆ ನಗುಮುಖ ಬರೆಯುತ್ತ ಬಂದ. ಯುರೇನಸ್ಸಿಗೆ ಬಂದಾಗ ಇದು ಅಡ್ಡ ಮಲಗಬೇಕು ಎಂದು ಹೊನ್ನೂರಸ್ವಾಮಿ ಪಟ್ಟು ಹಿಡಿದ. ಬೊಮ್ಮಯ್ಯ ಕುಂಚ ಕಿವಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ಯೋಚಿಸಿ, "ಮಲಗಿದ್ರ ಕಣ್ಣು ಮುಚ್ಚಬೇಕೋ ತೆರೀಬೇಕೋ ಸರ್?" ಎಂದು ಕೇಳಿದ. ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮುಚ್ಚಿದರೆ ಹೆಣದ ಹಾಗೆ ಕಾಣುತ್ತದೆ ಎಂದು ತೆರೆಸಿದ. ತೆರೆಸಿದ ಮೇಲೆ ಕುಡಿದು ಬಿದ್ದವರ ಹಾಗೆ ಕಂಡಿತು. ಆದರೂ ಬಣ್ಣ ಮಾತ್ರ ಹದವಾಗಿ ಬಂದಿತ್ತು, ಕೆನ್ನೆ ನೆಲಕ್ಕೆ ಕೊಟ್ಟು ಮಲಗಿದ ಆ ತಿಳಿ ಹಸಿರು ಮುಖ ನೋಡಿ ಅವನಿಗೆ ನಿಜವಾಗಿಯೂ ಸಂತೋಷವಾಯಿತು. ಕೆಳಗೆ, ಶ್ರೀಮತಿ ಉಚ್ಚಂಗೆಮ್ಮ, ಎಂದು ಕೆಂಪಕ್ಷರ. ಅದೊಂದು ಸಂಜೆ ಅವನು ಮನೆಗೆ ಹೋಗಲಿಕ್ಕೂ ಮನಸ್ಸಿಲ್ಲದೆ ಅಂಗಳದಲ್ಲಿ ಅಡ್ಡಾಡಿದ.

ಮರುದಿನವೇ ಗುರುಸಂಗಪ್ಪ ಸಮಿತಿಯವರನ್ನು ಕಟ್ಟಿಕೊಂಡು ಬಂದ. ಸೂರ್ಯನಿಂದ ಹಿಡಿದು ಸಾಲಾಗಿ ನೋಡುತ್ತ ಬಂದವರು ಶನಿ ದಾಟಿದ್ದೇ ತಟಕ್ಕನೆ ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊನ್ನೂರಸ್ವಾಮಿ ಅಕ್ಷ, ಡಿಗ್ರಿ ಎಂದೆಲ್ಲ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗುರುಸಂಗಪ್ಪ ಅವನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದೊಯ್ದ. ಹೆಗಲ ಮೇಲೆ ಕೈಯಿಡುವುದು ಗುರುಸಂಗಪ್ಪ ಹೊಸದಾಗಿ ಕಲಿತದ್ದು, ನಾಲ್ಕು ಜನ ಇದ್ದಾಗ ತಪ್ಪದೆ ಇಡುತ್ತಿದ್ದ.

"ಮೇಷ್ಟ್ರ, ತಪ್ಪು ತಿಳೀಬ್ಯಾಡ್ರಿ. ಎಲ್ಲಾರ್ದೂ ನೆಟ್ಟಗ ಐತಿ. ನಮ್ಮಪ್ಪಂದು ನೆಟ್ಟಗ ಐತಿ, ಡೈರಿಯವರ್ದು ನೆಟ್ಟಗ ಐತಿ. ನಿಮ್ಮದು ಒಂದ ಬಿದ್ದೈತಿ."

"ಅದು ಇರೋದೇ ಹಂಗ್ರಿ..."

"ಇರಬಹುದ್ರಿ, ಅಲ್ಲಿ ಮ್ಯಾಲೆ ಹೆಂಗರ ಇರಲಿ. ಇಲ್ಲಿ ಕೆಳಗ ನಿಮ್ಮ ತಾಯಿ ಹೆಸರು ಐತಿ. ನಾಳಿ ಯಾರರ ಫೋಟೋ ಹೊಡದು ವಾಟ್ಸಾಪಿಗೆ ಹಾಕಿದ್ರ? ನೋಡ್ರಪಾ, ಈ ಊರಾಗ ಎಲ್ಲಾರ ಗ್ರಹ ನಿಂದರಿಸ್ಯಾರ, ಆ ಓಣಿಯವ್ರ ಗ್ರಹ ಮಾತ್ರ ಕೆಡವ್ಯಾರ ಅಂದ್ರ ನಾವು ಏನ್ ಉತ್ತರ ಹೇಳೂದು? ಈಗಿನ ಕಾಲದಾಗ ಸಮಾನತೆ ಬೇಕ್ರಿ. ನಿಮಗ ನಾ ಹೇಳಬೇಕಾ?"

ಹೊನ್ನೂರಸ್ವಾಮಿಗೆ ನಗುವೂ ಬಂತು, ಸಿಟ್ಟೂ ಬಂತು. ಜೀವಮಾನದಲ್ಲಿ ಎಷ್ಟು ಸಭೆಯಲ್ಲಿ ಎಷ್ಟು ಗಂಟಲು ಹರಿದುಕೊಂಡು ಕೇಳಿದ್ದನೋ ಆ ಪದವನ್ನು ಈ ಮನುಷ್ಯ ಜೋಳದ ಚೀಲದ ಹಾಗೆ ಎತ್ತಿ ತಂದು ಅವನ ಎದುರಿಗೇ ಇಳಿಸಿದ್ದ. ಬೇಡ ಎಂದರೆ ಸಮಾನತೆ ಬೇಡ ಎಂದ ಹಾಗಾಗುತ್ತಿತ್ತು. ಹಿಂದೆ ನಿಂತವರೆಲ್ಲ ಅವನ ಒಳ್ಳೆಯದಕ್ಕೇ ಎಂಬ ಮುಖ ಮಾಡಿಕೊಂಡಿದ್ದರು. ಇನ್ನೂ ಒಂದು ಮಾತು, ಅದನ್ನು ಅವನು ತನಗೂ ಒಪ್ಪಿಕೊಳ್ಳಲಿಲ್ಲ: ಕೆನ್ನೆ ಕೊಟ್ಟು ಬಿದ್ದ ಆ ಮುಖದ ಕೆಳಗೆ ಅವ್ವನ ಹೆಸರು ನೋಡಿ, ಗುರುಸಂಗಪ್ಪ ಹೇಳಿದ ಮೇಲೆ, ಅವನಿಗೂ ಒಂದು ಥರ ನಾಚಿಕೆಯಾಯಿತು. ಕೋಲೆಬಸವನ ಹಾಗೆ ತಲೆಯಾಡಿಸಿದ. ಮಧ್ಯಾಹ್ನದೊಳಗೆ ಬೊಮ್ಮಯ್ಯ ಯುರೇನಸ್ಸನ್ನು ಎಬ್ಬಿಸಿ ನಿಲ್ಲಿಸಿ, ಮೂಗಿನ ಕೆಳಗೆ ದೊಡ್ಡ ನಗು ಬರೆದು, ಕೈ ತೊಳೆದುಕೊಂಡ.

ಬಸ್ಸು ನಿಂತಿತು. ಶಾಲೆಯ ಗೇಟಿಗೆ ಮಾವಿನ ತೋರಣ, ಮೈಕು ಹಲೋ ಹಲೋ ಎನ್ನುತ್ತಿತ್ತು. ಬೇವಿನ ಮರ ದಾಟುವಾಗ ಅವ್ವ ಒಂದು ಕ್ಷಣ ನಿಧಾನ ಮಾಡಿದಳೋ, ತಾನೇ ಮಾಡಿದನೋ ತಿಳಿಯಲಿಲ್ಲ. ಹೊನ್ನೂರಸ್ವಾಮಿ ಅವಳ ಕೈ ಹಿಡಿದು, ಎದುರಾದ ಪ್ರತಿಯೊಬ್ಬರಿಗೂ, ಕೇಳದವರಿಗೂ, "ನಮ್ಮ ತಾಯಿಯವರು, ನಮ್ಮ ತಾಯಿಯವರು" ಎಂದು ಹೇಳುತ್ತ ಒಳಗೆ ನಡೆಸಿದ. ಗುರುಸಂಗಪ್ಪ ಎದ್ದು ನಮಸ್ಕಾರ ಮಾಡಿ ಮುಂದಿನ ಸಾಲಿನ ಕುರ್ಚಿ ತೋರಿಸಿದ. ಅವ್ವ ಕೂರಲಿಲ್ಲ, ಮೊದಲು ಗೋಡೆ ನೋಡುತ್ತೇನೆ ಎಂದಳು. ಓದು ಬಾರದಿದ್ದರೂ ಬಣ್ಣದ ಗುರುತು ಹಿಡಿದು ಸಾಲಿನಲ್ಲಿ ಸರಿಯಾಗಿ ಅಲ್ಲಿಗೇ ಹೋಗಿ ನಿಂತು, ಕೆಂಪಕ್ಷರಗಳನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ತಲೆಯೆತ್ತಿದಳು.

"ನಿಂತೈತಲ್ಲೋ?"

"ಆಮ್ಯಾಲೆ ಹೇಳ್ತೀನಿ ಬಾರಬೇ."

"ಮಕ್ಕೊಂಡಿರತೈತಿ ಅಂದಿದ್ದಿ?"

"ಕಾರ್ಯಕ್ರಮ ಶುರು ಆಗತೈತಿ, ಬಾ," ಎಂದು ಕುರ್ಚಿಗೆ ತಂದು ಕೂರಿಸಿದ. ಅವಳ ಕತ್ತು ಮಾತ್ರ ಗೋಡೆಯ ಕಡೆಗೇ ತಿರುಗಿಕೊಂಡಿತ್ತು.

ಜಿಲ್ಲೆಯಿಂದ ಬಂದಿದ್ದ ಅಧಿಕಾರಿ ಒಳ್ಳೆಯವರಾಗಿದ್ದರು. ಅದೇ ತೊಂದರೆಯಾಯಿತು. ರಿಬ್ಬನ್ ಕತ್ತರಿಸಿ ಶಾಲು ಹೊದ್ದು ಹೋಗಿಬಿಡುವ ಜಾತಿಯವರಲ್ಲ, ಮಕ್ಕಳನ್ನು ಮಾತಾಡಿಸುವ ಚಟದವರು. ಗೋಡೆಯ ಉದ್ದಕ್ಕೂ ನಡೆಯುತ್ತ ಪ್ರತಿಯೊಂದಕ್ಕೂ ಇದರ ವಿಶೇಷವೇನು ಎಂದು ಕೇಳುತ್ತ ಬಂದರು. ಮೈಕಿನವನು ಹಿಂದೆ ಹಿಂದೆ ಮೈಕು ಹಿಡಿದುಕೊಂಡು ಬಂದ. ಶನಿಗೆ ಬಳೆ ಸಾರ್, ಗುರು ದೊಡ್ಡವ ಸಾರ್ ಎಂದೆಲ್ಲ ಮಕ್ಕಳು ಹೇಳಿದರು. ಯುರೇನಸ್ಸಿನ ಹತ್ತಿರ ಅಧಿಕಾರಿ ನಿಂತದ್ದೇ ತಡ, ಇಡೀ ಅಂಗಳ ಒಂದೇ ದನಿಯಲ್ಲಿ ಕೂಗಿತು: "ಮಕ್ಕೊಂಡು ಉರುಳತೈತಿ ಸಾರ್!"

ಅಷ್ಟು ಜೋರಾಗಿ ಅವರು ಪ್ರಾರ್ಥನೆಯನ್ನೂ ಹೇಳಿರಲಿಲ್ಲ. ಹೊನ್ನೂರಸ್ವಾಮಿಯ ಎದೆ ಉಬ್ಬಿತು, ಉಬ್ಬಿದ್ದು ಹಾಗೇ ಸಿಕ್ಕಿಕೊಂಡಿತು. ಅಧಿಕಾರಿ ಮಕ್ಕಳನ್ನು ನೋಡಿದರು, ನೆಟ್ಟಗೆ ನಿಂತು ಹಲ್ಲು ಬಿಡುತ್ತಿದ್ದ ಗೋಡೆಯ ಮುಖವನ್ನು ನೋಡಿದರು. "ಇಲ್ಲಿ ನಿಂತಿದೆಯಲ್ಲಪ್ಪ? ಯಾವುದು ಸರಿ, ನೀವೋ ಗೋಡೆಯೋ?" ಎಂದು ನಕ್ಕರು. ಎಲ್ಲರೂ ನಕ್ಕರು. "ಸೈನ್ಸ್ ಮೇಷ್ಟ್ರು ಯಾರು? ನೀವೇ ಹೇಳಿ ಸರ್."

ಮೈಕು ಅವನ ಬಾಯಿಯ ಹತ್ತಿರ ಬಂತು. ಗುರುಸಂಗಪ್ಪ ಕೈಕಟ್ಟಿಕೊಂಡು, ಏನೂ ಗೊತ್ತಿಲ್ಲದವನ ಹಾಗೆ ಸೂರ್ಯನ ಕಡೆ ನೋಡುತ್ತಿದ್ದ. ಏಕಾಂತಪ್ಪನವರು ಕಣ್ಣು ಮುಚ್ಚಿದ್ದರು. ಒಂದೇ ಮಾತು ಸಾಕಿತ್ತು, ಮಕ್ಕಳೇ ಸರಿ, ಎರಡು ಪದ. ಅಷ್ಟು ಹೇಳಿದರೆ ಮತ್ತೇಕೆ ನಿಲ್ಲಿಸಿದಿರಿ ಎಂದು ಅಧಿಕಾರಿ ಕೇಳುತ್ತಾರೆ, ಅದಕ್ಕೆ ಸಮಾನತೆ ಎನ್ನಬೇಕು, ಯಾರ ಸಮಾನತೆ ಎನ್ನುತ್ತಾರೆ, ಆಗ ಅವ್ವನ ಎದುರಿಗೆ, ಮೈಕಿನಲ್ಲಿ, ಊರಿಗೆ ಊರೇ ಕೇಳುವ ಹಾಗೆ ಓಣಿಯ ಹೆಸರು ಹೇಳಬೇಕು. ಇಷ್ಟೆಲ್ಲ ಒಂದು ಉಗುಳು ನುಂಗುವಷ್ಟರಲ್ಲಿ ಅವನ ತಲೆಯಲ್ಲಿ ಓಡಿತು. "ಮಕ್ಕಳಿಗೆ ಸ್ವಲ್ಪ ಕನ್‌ಫ್ಯೂಸ್ ಆಗಿದೆ ಸರ್," ಎಂಬ ಒಂದು ದನಿ ಮೈಕಿನಿಂದ ಬಂತು. "ಗೋಡೆಯ ಮೇಲಿರೋದೇ ಸರಿ."

ಮಕ್ಕಳು ಅವನನ್ನೇ ನೋಡಿದರು. ಟವೆಲ್ ಹಾಸಿ ಬಾಗಿಲಿನಿಂದ ಕಿಟಕಿಯವರೆಗೆ ಉರುಳಿದ ಮನುಷ್ಯನನ್ನು ನೋಡಿದರು. ಮಕ್ಕಳು ದಡ್ಡರಲ್ಲ, ಎಂಥ ಹೊತ್ತಿನಲ್ಲಿ ದೊಡ್ಡವರಿಗೆ ಏನು ಬೇಕು ಎಂಬುದು ಅವರಿಗೆ ತಿಳಿಯುತ್ತದೆ. ಮೊದಲು ಒಂದು ದನಿ ಸಣ್ಣಗೆ ಎದ್ದಿತು, ಪಕ್ಕದ್ದು ಸೇರಿಕೊಂಡಿತು, ಆಮೇಲೆ ಇಡೀ ಅಂಗಳ ಮೊದಲಿನಷ್ಟೇ ಹುರುಪಿನಿಂದ ಕೂಗಿತು: "ನಿಂತ್ಕೊಂಡು ತಿರುಗತೈತಿ ಸಾರ್!" ಅಧಿಕಾರಿ ಚಪ್ಪಾಳೆ ತಟ್ಟಿದರು. ಗುರುಸಂಗಪ್ಪ ಎಲ್ಲರಿಗಿಂತ ಜೋರಾಗಿ ತಟ್ಟಿದ. ಹೊನ್ನೂರಸ್ವಾಮಿಯೂ ತಟ್ಟಿದ, ತಟ್ಟದಿದ್ದರೆ ಕೈಗೆ ಬೇರೆ ಕೆಲಸವಿರಲಿಲ್ಲ.

ವಾಪಸು ಬಸ್ಸಿನಲ್ಲಿ ಅವ್ವ ಕಿಟಕಿಗೆ ಬೆನ್ನು ಮಾಡಿ ಕೂತಳು. ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಮಂಡಕ್ಕಿ ಮಿರ್ಚಿ ತಿನ್ನುತ್ತೀಯೇನಬೇ ಎಂದು ಕೇಳಿದ, ಅವಳಿಗೆ ಅದೆಂದರೆ ಜೀವ. ಬೇಡವೆಂದಳು. ಸಿಮೆಂಟಿನ ಕಟ್ಟೆಯ ಮೇಲೆ ಕೂತು ಚಪ್ಪಲಿಯ ಧೂಳು ಝಾಡಿಸಿಕೊಂಡು ಕೇಳಿದಳು: "ಖರೇ ಯಾವ್ದು? ಮಕ್ಕೊಂಡಿದ್ದೋ, ನಿಂತಿದ್ದೋ?"

"ಮಕ್ಕೊಂಡಿದ್ದು."

"ಮತ್ತ ಆ ಹುಡುಗುರ ಬಾಯಾಗ ಯಾಕ ಸುಳ್ಳು ಹಾಕಿದಿ?"

ಅವನು ಸಮಾನತೆಯನ್ನು ವಿವರಿಸಿದ. ವಾಟ್ಸಾಪು, ಫೋಟೋ, ಅವಮಾನ, ನಿನ್ನ ಮರ್ಯಾದೆಗೇ ಅಲ್ಲವೇನಬೇ ಎಂದೆಲ್ಲ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಗುರುಸಂಗಪ್ಪನ ದನಿಯ ಹಾಗೇ ಆಗುತ್ತಿತ್ತು, ಅವ್ವನ ಹೆಗಲ ಮೇಲೆ ಕೈ ಬೇರೆ ಇಟ್ಟಿದ್ದ. ಅವ್ವ ಆ ಕೈ ತೆಗೆದು ಕೆಳಗಿಟ್ಟಳು.

"ನಾ ಗುಡಿ ಸುತ್ತ ಉರುಳಿದಾಗ ಊರ ಮಂದಿ ನಿಂತು ನೋಡಿತ್ತು. ನನಗೇನು ನಾಚಿಗಿ ಆಗಿಲ್ಲ. ನನ್ನ ಮಗನ ಸಲುವಾಗಿ ಉರುಳಿದೆ, ಕಳುವು ಮಾಡಿಲ್ಲ. ನಿನಗ ನಾಚಿಗಿ ಆದ್ರ ಅದು ನಿಂದು, ನನ್ನ ತಲಿಗೆ ಕಟ್ಟಬ್ಯಾಡ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ತಡೆಯಲಾಗಲಿಲ್ಲ. "ಹೊನ್ನೂರಾ, ಒಂದು ಮಾತು ನಡಸಿಕೊಡು. ಅದನ್ನ ಇದ್ದಂಗ ಮಲಗಸು. ಆಗಲಿಲ್ಲಂದ್ರ ನನ್ನ ಹೆಸರು ಅಳಸಿಬಿಡು. ಸುಳ್ಳಿನ ಕೆಳಗ ನನ್ನ ಹೆಸರು ಬ್ಯಾಡ."

ಭಾನುವಾರ ಬೆಳಿಗ್ಗೆ ಅವನು ಶ್ಯಾಂಪುವಿನ ಹಳೇ ಬಾಟಲಿಯಲ್ಲಿ ಟರ್ಪೆಂಟೈನು, ಒಂದು ಡಬ್ಬಿ ತಿಳಿ ಹಸಿರು, ಕುಂಚ, ಹಳೇ ಬನೀನು ಚೀಲಕ್ಕೆ ಹಾಕಿಕೊಂಡು ಹೊರಟಾಗ ಎದೆಯಲ್ಲಿ ನಿಜವಾಗಿಯೂ ಹುಮ್ಮಸ್ಸಿತ್ತು. ಮಲಗಿಸಿಯೇ ಬರುತ್ತೇನೆ ಎಂದು ಅವ್ವನಿಗೆ ಹೇಳಿದ್ದ. ಶಾಲೆಯ ಅಂಗಳದಲ್ಲಿ ಯಾರೂ ಇರಲಿಲ್ಲ. ಸ್ಟೂಲು ಹಾಕಿಕೊಂಡು ಹತ್ತಿ ಮುಖಕ್ಕೆ ಮುಖ ಕೊಟ್ಟು ನಿಂತ. ಈ ಕಣ್ಣು ಅಳಿಸಬೇಕು, ಮೂಗು ಅಳಿಸಬೇಕು, ಆಮೇಲೆ ಅಡ್ಡಕ್ಕೆ ಬರೆಯಬೇಕು. ಬರೆಯಲು ಬರುತ್ತದೆಯೇ? ಬೊಮ್ಮಯ್ಯನನ್ನು ಕರೆಯಬಹುದಿತ್ತು, ಬೊಮ್ಮಯ್ಯ ಅಧ್ಯಕ್ಷರನ್ನು ಒಂದು ಮಾತು ಕೇಳಿ ಎನ್ನುತ್ತಿದ್ದ. ಸಮಿತಿಯ ಗೋಡೆ, ಸಮಿತಿಯ ಠರಾವು, ಅಧಿಕಾರಿಯೇ ಚಪ್ಪಾಳೆ ತಟ್ಟಿ ಹೋಗಿರುವ ಗ್ರಹ. ಹೆಸರಾದರೆ ನಮ್ಮದು. ಅದನ್ನು ಅಳಿಸಲು ಯಾರ ಅಪ್ಪಣೆಯೂ ಬೇಡ, ಯಾರಿಗೂ ಬೇಸರವೂ ಇಲ್ಲ. ಅವ್ವನೂ ಎರಡರಲ್ಲಿ ಒಂದು ಎಂದಿದ್ದಳಲ್ಲ. ಎರಡರಲ್ಲಿ ಒಂದು ಮಾಡಿದರೂ ಮಾತು ನಡೆಸಿಕೊಟ್ಟ ಹಾಗೆಯೇ. ಹೀಗೆ ವಿಚಾರ ಮಾಡುತ್ತಿರುವಾಗಲೇ ಅವನು ಸ್ಟೂಲಿನಿಂದ ಕೆಳಗಿಳಿದಿದ್ದ, ಬನೀನು ಒದ್ದೆಯಾಗಿತ್ತು. ಮೊದಲು ಶ್ರೀಮತಿ ಹೋಯಿತು, ಅದರ ಹಿಂದೆ ಉ ಹೋಯಿತು. ಮ್ಮ ಹೋಗುವಾಗ ಕಣ್ಣು ಉರಿದು ನೀರು ಬಂತು, ಟರ್ಪೆಂಟೈನಿಗೆ ಬರುತ್ತದೆ.

ಹಿಂದಿನಿಂದ ಬೈಕು ನಿಂತ ಸದ್ದು. ಗುರುಸಂಗಪ್ಪ ಹೊಲಕ್ಕೆ ಹೊರಟವನು ಗೇಟಿನಿಂದ ಬಗ್ಗಿ ನೋಡಿ ಒಳಗೆ ಬಂದ. ಖಾಲಿ ಜಾಗ ನೋಡಿದ, ಒದ್ದೆ ಬನೀನು ನೋಡಿದ, ಅವನ ಮುಖ ಅರಳಿತು. "ಹೆಸರು ಬ್ಯಾಡ ಅಂತ ಅಳಸಿಬಿಟ್ರೇನ್ರಿ? ಭಾಳ ದೊಡ್ಡ ಮನಸು ಮೇಷ್ಟ್ರ ನಿಮ್ಮದು. ಕೊಟ್ಟಿದ್ದು ಎಡಗೈಗೂ ಗೊತ್ತಾಗಬಾರದು ಅಂತಾರ, ನಮಗೆಲ್ಲಿ ಬರತೈತಿ ಆ ಬುದ್ಧಿ," ಎಂದು ಹೆಗಲ ಮೇಲೆ ಕೈಯಿಟ್ಟ. ಸುತ್ತ ಯಾರೂ ಇರಲಿಲ್ಲ, ಆದರೂ ಇಟ್ಟ. ಮೊದಲ ಸಲ ನಿಜವಾಗಿ ಇಟ್ಟದ್ದೇ ಇರಬೇಕು. ಹೊನ್ನೂರಸ್ವಾಮಿ, "ಹಂಗೇನಿಲ್ರಿ," ಎಂದು ಹಲ್ಲು ಬಿಟ್ಟ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಜೊತೆಗೆ ಪಾಲಮ್ಮನೂ ಇದ್ದಳು, ಇಬ್ಬರ ನಡುವೆ ಸೋಸುವ ಅಕ್ಕಿಯ ಮೊರ. ಅವನ ಕೈಯ ಕೆಂಪು ಬಣ್ಣವನ್ನೂ ಚೀಲದಿಂದ ಇಣುಕುವ ಕುಂಚವನ್ನೂ ಅವ್ವ ನೋಡಿದಳು. "ಏನ್ ಮಾಡಿ ಬಂದೆಪಾ?"

ಅಳಿಸಿದೆ ಎಂದು ಹೇಳಬೇಕೆಂದೇ ಬಸ್ಸಿಳಿದಿದ್ದ. ದಾರಿಯಲ್ಲಿ ಮಾತನ್ನು ಜೋಡಿಸಿಯೂ ಇಟ್ಟುಕೊಂಡಿದ್ದ. ಅವಳ ಮುಖ ನೋಡಿದ ಮೇಲೆ ಬಾಯಿಗೆ ಬಂದದ್ದೇ ಬೇರೆ. "ಮಲಗಿಸಿ ಬಂದೆಬೇ."

"ಖರೇ?"

"ಖರೇ. ನಿನ್ನ ಹೆಸರೂ ಹಂಗ ಐತಿ."

ಅವ್ವ ಮೊರ ಬದಿಗಿಟ್ಟು ಎದ್ದಳು. ಎಂಬತ್ತು ದಾಟಿದ ಮೊಣಕಾಲು ಗೋಡೆ ಹಿಡಿಯದೆ ಎದ್ದದ್ದು ಎಷ್ಟೋ ದಿನದ ಮೇಲೆ. ಎರಡೂ ಕೈಯಿಂದ ಅವನ ಗಲ್ಲ ಸವರಿ ಲಟಿಕೆ ಮುರಿದಳು. "ನೋಡಿದೇನ ಪಾಲಮ್ಮಾ? ಊರಿಗೆಲ್ಲಾ ಎದುರು ಬಿದ್ದು ಮಲಗಿಸಿ ಬಂದಾನ ನನ್ನ ಮಗ! ನಾ ಸುಮ್ನ ಉರುಳಿಲ್ಲವಾ!" ಎನ್ನುತ್ತ ಅತ್ತೇಬಿಟ್ಟಳು. ಪಾಲಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊನ್ನೂರಸ್ವಾಮಿ ಕೆಂಪು ಬಣ್ಣದ ಕೈಯನ್ನು ಚೀಲದ ಹಿಂದೆ ಸರಿಸಿಕೊಂಡ.

"ಹೊನ್ನೂರಾ, ನಾಳಿ ಮುಂಜಾನಿ ಬಸ್ಸಿಗೆ ನನ್ನ ಕರಕೊಂಡ್ಹೋಗು. ಮಕ್ಕೊಂಡಿದ್ದನ್ನ ಒಮ್ಮಿ ಕಣ್ತುಂಬ ನೋಡ್ತೀನಿ. ಪಾಲಮ್ಮನೂ ಬರ್ತಾಳ."

"ನಾಳಿ ಸಾಲಿ ಇಲ್ಲಬೇ," ಎಂದ ಅವನು, ಯಾವ ಹಬ್ಬ ಎಂದು ಇನ್ನೂ ಹುಡುಕುತ್ತ. "ಸೂಟಿ ಐತಿ."

"ಸೂಟಿ ನಿನಗಪಾ," ಎಂದು ಅವ್ವ ಕಣ್ಣೀರಿನಲ್ಲೇ ನಕ್ಕಳು. "ಗೋಡಿಗೂ ಸೂಟಿ ಐತೇನು?"